ಪಡುವಣಕ್ಕೆ ಬೆನ್ನು ಹಾಕಿ ದಾಟಿದ ಕಡಲು

ಬಾಬಾಬುಡನ್‌ಗಿರಿ ಸಾಲಿನ ಮೇಲೆ ಬೀಳುವ ಮಳೆಗೆ ಅರಬ್ಬಿ ಸಮುದ್ರವೇ ಹತ್ತಿರ. ನೇರ ಗೆರೆ ಎಳೆದರೆ ನೂರು ಚಿಲ್ಲರೆ ಕಿಲೋಮೀಟರ್. ಆದರೆ ತರೀಕೆರೆ ಕಡೆಯ ಹಳ್ಳಗಳು ಅತ್ತ ತಿರುಗದೆ ಭದ್ರೆಯನ್ನು ಸೇರುತ್ತವೆ. ಕಡೂರು ಸೀಮೆಯ ಅಯ್ಯನಕೆರೆ, ಮದಗದಕೆರೆಗಳ ನೀರು ವೇದಾವತಿಯಾಗಿ ಬಯಲಿಗಿಳಿಯುತ್ತದೆ. ಅಜ್ಜಂಪುರದ ಹೊಲಗಳಿಂದ ಹರಿದದ್ದೂ ಕೊನೆಗೆ ತುಂಗಭದ್ರೆಯ ಪಾಲು. ಅಲ್ಲಿಂದ ಕೃಷ್ಣೆಯ ಜೊತೆಗೂಡಿ, ಇಡೀ ದಖ್ಖನ್ ಅಡ್ಡಹಾಯ್ದು, ಬಂಗಾಳ ಕೊಲ್ಲಿ. ನಮ್ಮ ಮೂರು ತಾಲ್ಲೂಕಿನವರಿಗೆ ನೀರೆಂದರೆ ಕೆರೆ, ತೂಬು, ಕೋಡಿ, ನಾಲೆ. ಕಡಲು ನೋಡಬೇಕೆಂದರೆ ಘಟ್ಟ ಇಳಿದು ಉಡುಪಿಗೋ ಮುರ್ಡೇಶ್ವರಕ್ಕೋ ಹೋಗಬೇಕು. ಹೋದರೂ ಮೊಣಕಾಲುದ್ದ ನೀರಿನಲ್ಲಿ ನಿಂತು ಬರುತ್ತೇವೆ.

ಇಂಥದೇ ಒಳನಾಡಿನ ಕುಟುಂಬವೊಂದರ ಹೆಣ್ಣುಮಗಳು ಅಟ್ಲಾಂಟಿಕ್ ಸಾಗರವನ್ನು ಒಬ್ಬಂಟಿಯಾಗಿ ಹುಟ್ಟು ಹಾಕಿ ದಾಟಿದ ಸುದ್ದಿ 2025ರ ಆರಂಭದಲ್ಲಿ ಬಂತು. ಅನನ್ಯಾ ಪ್ರಸಾದ್ ಹುಟ್ಟಿದ್ದು ಬೆಂಗಳೂರಿನಲ್ಲಿ, ಬೆಳೆದದ್ದು ಬ್ರಿಟನ್ನಿನಲ್ಲಿ. ರಾಷ್ಟ್ರಕವಿ ಜಿ.ಎಸ್. ಶಿವರುದ್ರಪ್ಪನವರ ಮೊಮ್ಮಗಳು. ಜಿ.ಎಸ್.ಎಸ್. ಹುಟ್ಟಿದ್ದು 1926ರಲ್ಲಿ, ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ. ತರೀಕೆರೆಯಿಂದ ಶಿವಮೊಗ್ಗ ದಾಟಿ ಹೋದರೆ ಸಂಜೆಯೊಳಗೆ ತಿರುಗಿ ಬರಬಹುದಾದ ಊರು. ಅವರ ‘ಕಾಣದ ಕಡಲಿಗೆ’ ಗೀತೆಯನ್ನು ಸಿ. ಅಶ್ವತ್ಥ್ ದನಿಯಲ್ಲಿ ಕೇಳದ ಕನ್ನಡಿಗರು ಕಡಿಮೆ. ಅಜ್ಜನ ಹಾಡಿಗೂ ಮೊಮ್ಮಗಳ ಹುಟ್ಟಿಗೂ ನಂಟು ಕಟ್ಟಿ ಓದಿದವರೆಲ್ಲ ಹಿಗ್ಗಿದರು. ನಾನೂ ಹಿಗ್ಗಿದೆ. ಆದರೆ ಬರಿಯ ಹಂಬಲ ಯಾರನ್ನೂ ಆಚೆ ದಡಕ್ಕೆ ಮುಟ್ಟಿಸುವುದಿಲ್ಲ. ಸಾಗರ ದಾಟಲು ಅನನ್ಯಾ ಅವರಿಗೆ ಹಿಡಿದ 52 ದಿನ, 5 ಗಂಟೆ, 44 ನಿಮಿಷ ಹೇಗೆ ಕೂಡಿಬಂತು ಎಂದು ಹಿಂದಕ್ಕೆ ಹೋದರೆ ಸುಮಾರು ನೂರಮೂವತ್ತು ವರ್ಷದ ಕಥೆ ಬಿಚ್ಚಿಕೊಳ್ಳುತ್ತದೆ.

ಮೊದಲು ದಾಟಿದವರು ಕ್ರೀಡಾಪಟುಗಳಲ್ಲ. ನಾರ್ವೆಯಿಂದ ವಲಸೆ ಹೋಗಿ ಅಮೆರಿಕದ ನ್ಯೂಜೆರ್ಸಿ ತೀರದಲ್ಲಿ ಚಿಪ್ಪು ಹೆಕ್ಕಿ ಬದುಕುತ್ತಿದ್ದ ಜಾರ್ಜ್ ಹಾರ್ಬೊ ಮತ್ತು ಫ್ರಾಂಕ್ ಸ್ಯಾಮುಯೆಲ್ಸನ್. ಹದಿನೆಂಟು ಅಡಿಯ ತೆರೆದ ಮರದ ದೋಣಿಯಲ್ಲಿ 1896ರ ಜೂನ್ 6ರಂದು ನ್ಯೂಯಾರ್ಕ್ ಬಿಟ್ಟರು. ನಡುದಾರಿಯಲ್ಲಿ ದೋಣಿ ಮಗುಚಿತು. ಅದನ್ನು ತಿರುಗಿ ನಿಲ್ಲಿಸಿ, ಅಳಿದುಳಿದ ಆಹಾರದಲ್ಲಿ ಹುಟ್ಟು ಹಾಕುತ್ತ 55ನೇ ದಿನ ಇಂಗ್ಲೆಂಡಿನ ಸಿಲಿ ದ್ವೀಪಗಳನ್ನು ಮುಟ್ಟಿದರು. ದುಡ್ಡು ಬಂದೀತೆಂಬ ಆಸೆ ಅವರಿಗಿತ್ತು, ಅದು ಕೈಗೂಡಲಿಲ್ಲ. ಆಮೇಲೆ ಎಪ್ಪತ್ತು ವರ್ಷ ಹುಟ್ಟು ಹಾಕಿ ಈ ಸಾಗರ ದಾಟಿದವರು ಇನ್ನೊಬ್ಬರಿಲ್ಲ.

1966ರಲ್ಲಿ ಎರಡು ದೋಣಿಗಳು ಹೊರಟವು. ಬ್ರಿಟಿಷ್ ಸೈನಿಕರಾದ ಜಾನ್ ರಿಜ್‌ವೇ ಮತ್ತು ಚೇ ಬ್ಲೈತ್ 92 ದಿನಗಳಲ್ಲಿ ಐರ್ಲೆಂಡ್ ಸೇರಿದರು. ಇನ್ನೊಂದರಲ್ಲಿದ್ದವರು ಡೇವಿಡ್ ಜಾನ್‌ಸ್ಟನ್ ಮತ್ತು ಜಾನ್ ಹೋರ್. ಅವರ ‘ಪಫಿನ್’ ಮಗುಚಿಕೊಂಡು ತೇಲುತ್ತಿದ್ದದ್ದು ಹಡಗೊಂದರ ಕಣ್ಣಿಗೆ ಬಿತ್ತು. ಒಳಗೆ ದಿನಚರಿ ಪುಸ್ತಕ ಉಳಿದಿತ್ತು, ಇಬ್ಬರೂ ಸಿಗಲಿಲ್ಲ. ಗೆದ್ದವರ ಹೆಸರನ್ನು ಮಾತ್ರ ಸಾಲಾಗಿ ಹೇಳುವವರು ಈ ದೋಣಿಯನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು. ಇಂದಿನ ಸಾಗರ ದೋಣಿಯ ಒಂದೊಂದು ಕಟ್ಟುಪಾಡಿನ ಹಿಂದೆ ಹೀಗೆ ಹೋದವರಿದ್ದಾರೆ.

ಒಬ್ಬಂಟಿ ಯಾನ ಶುರುವಾದದ್ದು 1969ರಲ್ಲಿ. ಜಾನ್ ಫೇರ್‌ಫ್ಯಾಕ್ಸ್ ಕನೇರಿ ದ್ವೀಪಗಳಿಂದ ಹೊರಟು 180 ದಿನಗಳ ಮೇಲೆ ಫ್ಲಾರಿಡಾ ತಲುಪಿದ್ದು ಜುಲೈ 19ಕ್ಕೆ, ಮನುಷ್ಯ ಚಂದ್ರನ ಮೇಲಿಳಿಯುವುದಕ್ಕೆ ಒಂದು ದಿನ ಮುಂಚೆ. ಅಪೋಲೊ 11ರ ಗಗನಯಾತ್ರಿಗಳು ಆಮೇಲೆ ಅವರಿಗೆ ಅಭಿನಂದನೆಯ ಪತ್ರ ಬರೆದರು. ಅದೇ ತಿಂಗಳು ಟಾಮ್ ಮೆಕ್‌ಲೀನ್ ಉತ್ತರದ ಚಳಿಗಡಲನ್ನು ಒಬ್ಬರೇ ದಾಟಿ ಐರ್ಲೆಂಡಿಗೆ ಬಂದರು. ಹೆಂಗಸರ ಸರದಿ ಬರಲು ಇನ್ನೂ ಮೂವತ್ತು ವರ್ಷ ಹಿಡಿಯಿತು. ಅಮೆರಿಕದ ಟೋರಿ ಮರ್ಡನ್ 1998ರಲ್ಲಿ ಸಾವಿರಾರು ಮೈಲಿ ಸಾಗಿದ ಮೇಲೆ ಚಂಡಮಾರುತಕ್ಕೆ ಸಿಕ್ಕಿ ಕೈಬಿಡಬೇಕಾಯಿತು. ಮರುವರ್ಷ ಮತ್ತೆ ಹೊರಟು 81 ದಿನಗಳಲ್ಲಿ ಕೆರಿಬಿಯನ್ನಿನ ಗ್ವಾಡಲೂಪ್ ತಲುಪಿದರು. ಹುಟ್ಟು ಹಾಕಿ ಒಬ್ಬಂಟಿಯಾಗಿ ಸಾಗರ ದಾಟಿದ ಮೊದಲ ಮಹಿಳೆ ಅವರು. ಅಷ್ಟು ದೂರ ಹೋಗಿ ಸೋತು, ಅದೇ ನೀರಿಗೆ ಮತ್ತೆ ಇಳಿಯುವ ಧೈರ್ಯವನ್ನು ನಾನು ಮೊದಲ ಸಲ ಗೆಲ್ಲುವ ಧೈರ್ಯಕ್ಕಿಂತ ಮೇಲೆ ಇಡುತ್ತೇನೆ.

ಹೀಗೆ ಬಿಡಿಬಿಡಿಯಾಗಿದ್ದ ಸಾಹಸವನ್ನು ಪಂದ್ಯವಾಗಿ ಕಟ್ಟಿದವರು ಅದೇ ಚೇ ಬ್ಲೈತ್. 1997ರಲ್ಲಿ ಒಂದೇ ಮಾದರಿಯ ಪ್ಲೈವುಡ್ ದೋಣಿಗಳಲ್ಲಿ ಇಬ್ಬಿಬ್ಬರ ತಂಡಗಳನ್ನು ಕನೇರಿ ದ್ವೀಪಗಳಿಂದ ಹೊರಡಿಸಿದರು. ನ್ಯೂಜಿಲೆಂಡಿನ ಜೋಡಿ 41 ದಿನಗಳಲ್ಲಿ ಗೆದ್ದಿತು. ಕೈಗಳು, ಹೆಸರುಗಳು ಬದಲಾಗುತ್ತ ಬಂದ ಆ ಸ್ಪರ್ಧೆಯ ಪರಂಪರೆಯೇ ಇಂದು ‘ವರ್ಲ್ಡ್ಸ್ ಟಫೆಸ್ಟ್ ರೋ’ ಎಂದು ನಡೆಯುತ್ತಿದೆ: ಸ್ಪೇನಿಗೆ ಸೇರಿದ ಲಾ ಗೊಮೆರಾ ದ್ವೀಪದಿಂದ ಆಂಟಿಗುವಾಕ್ಕೆ, ಸುಮಾರು 4,800 ಕಿಲೋಮೀಟರ್. 1492ರಲ್ಲಿ ಕೊಲಂಬಸ್ ಕೊನೆಯದಾಗಿ ನೀರು, ದಿನಸಿ ತುಂಬಿಕೊಂಡು ಪಶ್ಚಿಮಕ್ಕೆ ಹೊರಟದ್ದೂ ಲಾ ಗೊಮೆರಾದಿಂದಲೇ. ಕಾರಣ ಎರಡಕ್ಕೂ ಒಂದೇ. ಅಲ್ಲಿಂದ ಈಶಾನ್ಯದ ವಾಣಿಜ್ಯ ಮಾರುತ ಬೆನ್ನಿಗೆ ಬೀಸುತ್ತದೆ, ಸಾಗರದ ಪ್ರವಾಹವೂ ಅದೇ ದಿಕ್ಕಿಗೆ ಎಳೆಯುತ್ತದೆ. ಚಂಡಮಾರುತಗಳ ಋತು ನವೆಂಬರಿಗೆ ಮುಗಿಯುವುದರಿಂದ ಡಿಸೆಂಬರಿನಲ್ಲಿ ಹೊರಡುತ್ತಾರೆ.

2024ರ ಡಿಸೆಂಬರಿನಲ್ಲಿ ಅನನ್ಯಾ ಹೊರಟದ್ದು ಈ ಸ್ಪರ್ಧೆಯಲ್ಲೇ. ಲೆಕ್ಕ ಹಾಕಿದರೆ ದಿನಕ್ಕೆ ಸರಾಸರಿ ತೊಂಬತ್ತು ಕಿಲೋಮೀಟರಿಗೂ ಹೆಚ್ಚು. ಕಡೂರಿನಿಂದ ಬೀರೂರು, ತರೀಕೆರೆ, ಭದ್ರಾವತಿ ಹಾಯ್ದು ಶಿವಮೊಗ್ಗ ಮುಟ್ಟಿ, ಅರ್ಧ ದಾರಿ ವಾಪಸು ಬಂದಷ್ಟು ದೂರ. ಪ್ರತಿದಿನ, ಒಂದೂವರೆ ತಿಂಗಳು ಮೀರಿ, ಒಬ್ಬರೇ. ಗಾಳಿ ತಳ್ಳುತ್ತದೆ ನಿಜ, ಆದರೆ ಹುಟ್ಟು ನಿಂತರೆ ದೋಣಿ ಅಡ್ಡ ತಿರುಗಿ ಅಲೆಗೆ ಮೈಯೊಡ್ಡುತ್ತದೆ.

ಆ ದೋಣಿಯೊಳಗೆ ಒಮ್ಮೆ ಇಣುಕಬೇಕು. ಒಬ್ಬರ ದೋಣಿ ಆರೇಳು ಮೀಟರ್ ಉದ್ದ, ಎರಡು ಮೀಟರಿಗೂ ಕಡಿಮೆ ಅಗಲ. ಎರಡು ತುದಿಯಲ್ಲಿ ಗಾಳಿಯಾಡದಂತೆ ಮುಚ್ಚಬಹುದಾದ ಗೂಡುಗಳು: ಒಂದರಲ್ಲಿ ಮಲಗುವುದು, ಇನ್ನೊಂದರಲ್ಲಿ ಸಾಮಾನು. ಗೂಡಿನ ಬಾಗಿಲು ಮುಚ್ಚಿದ್ದರೆ ಮಗುಚಿದ ದೋಣಿ ತಾನೇ ಎದ್ದು ನಿಲ್ಲುತ್ತದೆ; ತೆರೆದಿದ್ದರೆ ಏಳುವುದಿಲ್ಲ. ಹಾಗಾಗಿ ಸೆಖೆಯಲ್ಲಿ ಬೇಯುತ್ತ ಬಾಗಿಲು ಹಾಕಿಕೊಂಡೇ ಮಲಗಬೇಕು. ಚಾವಣಿಯ ಮೇಲೆ ಸೌರಫಲಕ. ಅದರ ವಿದ್ಯುತ್ತಿನಿಂದ ಉಪ್ಪುನೀರನ್ನು ಸಿಹಿ ಮಾಡುವ ಯಂತ್ರ, ದಾರಿ ತೋರಿಸುವ ಸಾಧನ, ಉಪಗ್ರಹ ಫೋನು. ನಾಲ್ಕು ದಿನ ಮೋಡ ಕವಿದರೆ ಕುಡಿಯುವ ನೀರಿಗೂ ದಾರಿಗೂ ಒಟ್ಟಿಗೆ ತತ್ವಾರ. ಆಗ ಕೈಯಿಂದ ಒತ್ತುವ ಪಂಪಿನಲ್ಲಿ ಲೋಟ ಲೋಟ ನೀರು ತೆಗೆಯಬೇಕು. ಎದುರುಗಾಳಿ ಬಂದರೆ ನೀರಿನೊಳಗೆ ಕೊಡೆಯಂತೆ ಅರಳುವ ಲಂಗರನ್ನು ಇಳಿಬಿಟ್ಟು, ಗೂಡಿನೊಳಗೆ ಮುದುಡಿ, ಹಿಂದಕ್ಕೆ ತೇಲಿಹೋಗದಂತೆ ಕಾಯುತ್ತ ಕೂರಬೇಕು. ಚುಕ್ಕಾಣಿ ಮುರಿದರೆ ಸೊಂಟಕ್ಕೆ ಹಗ್ಗ ಬಿಗಿದು ತಾನೇ ನೀರಿಗಿಳಿಯಬೇಕು. ದೋಣಿಯ ತಳಕ್ಕೆ ಅಂಟಿಕೊಳ್ಳುವ ಚಿಪ್ಪುಜೀವಿಗಳು ವೇಗ ತಿನ್ನುತ್ತವೆ. ಅವನ್ನು ಕೆರೆದು ತೆಗೆಯಲೂ ಇಳಿಯಬೇಕು, ಕೆಳಗೆ ಮೈಲಿಗಟ್ಟಲೆ ಆಳ ಇದ್ದಾಗ.

ಮೈಯ ಪಾಡು ಬೇರೆ. ಕೂತಲ್ಲೇ ಕೂತು ಹಿಂದೆ ಮುಂದೆ ಜಾರುವ ಆಸನ, ಒದ್ದೆ ಬಟ್ಟೆ, ಉಪ್ಪು. ಮೊದಲ ವಾರದಲ್ಲೇ ಕುಂಡಿಯ ಚರ್ಮ ಹುಣ್ಣಾಗುತ್ತದೆ, ಬೆರಳುಗಳು ಹುಟ್ಟಿನ ಹಿಡಿಯ ಆಕಾರಕ್ಕೆ ಸೆಟೆದುಕೊಳ್ಳುತ್ತವೆ. ಒಣಗಿಸಿದ ಊಟಕ್ಕೆ ಬಿಸಿನೀರು ಬೆರೆಸಿ ದಿನಕ್ಕೆ ಐದು ಸಾವಿರ ಕ್ಯಾಲೊರಿ ತಿಂದರೂ ತೂಕ ಇಳಿಯುತ್ತದೆ. ತಂಡವಾದರೆ ಎರಡೆರಡು ಗಂಟೆಯ ಪಾಳಿಯಲ್ಲಿ ಒಬ್ಬರು ಮಲಗಿದಾಗ ಇನ್ನೊಬ್ಬರು ಹುಟ್ಟು ಹಾಕುತ್ತಾರೆ. ಒಬ್ಬಂಟಿಗೆ ಆ ಸೌಲಭ್ಯವಿಲ್ಲ. ಮಲಗಿದರೆ ದೋಣಿ ಅನಾಥ, ಮಲಗದಿದ್ದರೆ ಬುದ್ಧಿ ಕೈಕೊಡುತ್ತದೆ, ಇಲ್ಲದ ದನಿಗಳು ಕೇಳತೊಡಗುತ್ತವೆ. 2005ರ ಕೊನೆಗೆ ಹೊರಟ ರೋಜ್ ಸ್ಯಾವೇಜ್ ಅವರ ನಾಲ್ಕೂ ಹುಟ್ಟುಗಳು ದಾರಿಯಲ್ಲಿ ಮುರಿದವು. ತೇಪೆ ಹಾಕಿದ ಹುಟ್ಟುಗಳಿಂದಲೇ 103 ದಿನ ಸಾಗಿ ಅವರು ದಡ ಸೇರಿದರು. 2007ರಲ್ಲಿ ಇದೇ ಸಾಗರವನ್ನು ಒಬ್ಬರೇ ದಾಟಿದ ಭಾರತೀಯ ಭಾವಿಕ್ ಗಾಂಧಿ ಅವರಿಗೆ ಹಿಡಿದದ್ದು 106 ದಿನ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿದೆ. ಈ ದೋಣಿಯಲ್ಲಿ ಕೂತವರ ಮುಖ ಹಿಂದಕ್ಕೆ. ಕಾಲಿನ ಬಲವೆಲ್ಲ ಹುಟ್ಟಿಗಿಳಿಯಬೇಕಾದರೆ ಹಾಗೇ ಕೂರಬೇಕು. ಪಶ್ಚಿಮಕ್ಕೆ ಹೋಗುವವರು ಪೂರ್ವವನ್ನೇ ನೋಡುತ್ತಿರುತ್ತಾರೆ. ಬೆನ್ನೇರಿ ಬರುವ ಒಂದೊಂದು ಅಲೆಯೂ ಕಣ್ಣೆದುರಿಗೇ ಏಳುತ್ತದೆ. ತಲುಪಬೇಕಾದ ದಡ ಮಾತ್ರ ಕೊನೆಯ ದಿನದವರೆಗೂ ಬೆನ್ನ ಹಿಂದೆ. ಹವಾಯಿಯವರ ದೋಣಿ ಇದಕ್ಕೆ ತದ್ವಿರುದ್ಧ. ಸಪೂರ ದೋಣಿಯ ಒಂದು ಪಕ್ಕಕ್ಕೆ ಎರಡು ಅಡ್ಡಮರ ಚಾಚಿ, ತುದಿಗೆ ತೇಲುವ ದಿಮ್ಮಿ ಕಟ್ಟಿದರೆ ಅಗಲವಿಲ್ಲದ ದೋಣಿಯೂ ಸುಲಭಕ್ಕೆ ಮಗುಚುವುದಿಲ್ಲ. ಮೊಲೊಕಾಯಿಯಿಂದ ಒವಾಹು ದ್ವೀಪಕ್ಕೆ, ಕೈವಿ ಜಲಸಂಧಿಯ ಸುಮಾರು 50 ಕಿಲೋಮೀಟರನ್ನು ಅಂಥ ದೋಣಿಯಲ್ಲಿ ಒಬ್ಬಂಟಿಯಾಗಿ, ಮುಂದಕ್ಕೆ ಮುಖಮಾಡಿ, ಕೆಲವೇ ಗಂಟೆಗಳಲ್ಲಿ ದಾಟುವ ಕಠಿಣ ಸ್ಪರ್ಧೆಯಿದೆ. ಪಕ್ಕದಲ್ಲಿ ದಿಮ್ಮಿ ಕಟ್ಟಿದ ದೋಣಿಗಳು ನಮ್ಮ ಕಾರವಾರದ ಕಡೆಯ ಬೆಸ್ತರಿಗೂ ಹೊಸತಲ್ಲ. ಅಲ್ಲಿಂದ ಗೋವಾ, ರತ್ನಗಿರಿಯವರೆಗೆ ಅವು ಮೀನು ಹಿಡಿದಿವೆ. ಕರಾವಳಿಯ ಆ ಕಸುಬನ್ನು ಕ್ರೀಡೆಯಾಗಿ ಬೆಳೆಸುವುದನ್ನು ನಾವು ಇನ್ನೂ ಮಾಡಿಲ್ಲ.

ಅನನ್ಯಾ ಅವರಿಗೆ ತಯಾರಿಗೇ ಮೂರು ವರ್ಷ ಬೇಕಾಯಿತು. ಈ ಸ್ಪರ್ಧೆಗೆ ಹೆಸರು ಕೊಟ್ಟವರು ಕಡಲಿನಲ್ಲಿ ಬದುಕುಳಿಯುವ ತರಬೇತಿ, ನಕ್ಷೆ ಓದುವುದು, ರೇಡಿಯೊ ಬಳಕೆ, ಪ್ರಥಮ ಚಿಕಿತ್ಸೆ, ಇಷ್ಟನ್ನೂ ಕಲಿತು, ಕತ್ತಲಲ್ಲೂ ದೋಣಿ ನಡೆಸಿ ತೋರಿಸದೆ ಹೊರಡುವ ಹಾಗಿಲ್ಲ. ದೋಣಿ, ಶುಲ್ಕ, ಆಹಾರಕ್ಕೆ ಹಣ ಹೊಂದಿಸಬೇಕು. ಪ್ರಾಯೋಜಕರ ಬಾಗಿಲು ತಟ್ಟಬೇಕು. ತಡೆದುಕೊಳ್ಳುವ ಶಕ್ತಿ ನಡುನೀರಿನಲ್ಲಿ ಏಕಾಏಕಿ ಹುಟ್ಟುವುದಿಲ್ಲ. ದಡದಲ್ಲೇ, ಯಾರೂ ನೋಡದ ದಿನಗಳಲ್ಲಿ, ಗಂಟು ಹಾಕುವುದರಿಂದ ಹಿಡಿದು ಊಟ ಲೆಕ್ಕ ಮಾಡುವವರೆಗೆ ಸಣ್ಣ ಸಣ್ಣ ಶಿಸ್ತಿನಲ್ಲಿ ಅದನ್ನು ಕೂಡಿಸಿಡಬೇಕು. ಹುಟ್ಟಿನಿಂದ ಕಡಲಿನವರಾಗಿರಬೇಕೆಂಬ ಮಾತು ಸುಳ್ಳೆಂದು ನಾನು ನಂಬಿರುವುದು ಇದಕ್ಕೇ.

ಹಾಗಾದರೆ ನಮ್ಮ ಮಕ್ಕಳು? ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯವಿದೆ. 186 ಅಡಿ ತುಂಬಿದರೆ 71 ಟಿಎಂಸಿಗೂ ಮಿಕ್ಕಿ ನೀರು. ಹಿನ್ನೀರಿನ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆಯಿಡುತ್ತವೆ, ಪ್ರವಾಸಿಗರು ದೋಣಿಯಲ್ಲಿ ಸುತ್ತುತ್ತಾರೆ. ಸಖರಾಯಪಟ್ಟಣದ ಬಳಿ ಅಯ್ಯನಕೆರೆಯ ವಿಸ್ತಾರ, ಜನಪದರು ಹಾಡಿ ಹೆಸರು ಉಳಿಸಿದ ಮದಗದಕೆರೆ, ಅಜ್ಜಂಪುರದ ನೆಲದಡಿ ಸುರಂಗದಲ್ಲಿ ಚಿತ್ರದುರ್ಗಕ್ಕೆ ನೀರೊಯ್ಯುವ ಭದ್ರಾ ಮೇಲ್ದಂಡೆ. ಇಷ್ಟು ನೀರಿನ ನಡುವೆ ಬೆಳೆಯುವ ಹುಡುಗ ಹುಡುಗಿಯರಲ್ಲಿ ಬಹುಪಾಲು ಮಂದಿಗೆ ಈಜು ಬಾರದು. ಬೇಸಿಗೆ ರಜೆ ಬಂತೆಂದರೆ ಕೆರೆಯಲ್ಲೋ ಕೃಷಿ ಹೊಂಡದಲ್ಲೋ ಮಕ್ಕಳು ಮುಳುಗಿದ ಸುದ್ದಿ ಬರುತ್ತದೆ, ನಾವು ನೀರಿನ ಹತ್ತಿರ ಹೋಗಬೇಡ ಎಂದು ಗದರಿಸುತ್ತೇವೆ. ಹೋಗಬೇಡ ಎನ್ನುವುದು ಪಾಠವಲ್ಲ. ನೀರಾವರಿ, ಅರಣ್ಯ, ಕ್ರೀಡಾ ಇಲಾಖೆಗಳು ಕೂತು ಮಾತಾಡಿ, ಹಕ್ಕಿಗಳ ಗೂಡುಕಟ್ಟುವ ಜಾಗ ಬಿಟ್ಟು, ಹಿನ್ನೀರಿನ ಒಂದು ಮೂಲೆಯನ್ನು ಗುರುತಿಸಿ, ತೇಲುಕವಚ ತೊಡಿಸಿ ಈಜು ಮತ್ತು ಹುಟ್ಟು ಕಲಿಸಲು ದೊಡ್ಡ ಖರ್ಚೇನೂ ಬೇಕಿಲ್ಲ. ಶಿಕ್ಷಕರು ಬೇಕು, ಹಟ ಬೇಕು. ಅಟ್ಲಾಂಟಿಕ್ ದಾಟುವವರು ಅಲ್ಲಿಂದ ಬರಲಿ, ಬಿಡಲಿ. ಕೆರೆಯಿಂದ ಮನೆಗೆ ವಾಪಸು ಬರುವ ಮಕ್ಕಳು ಹೆಚ್ಚುತ್ತಾರೆ.

ಬಿಳಿಯರಲ್ಲದ ಮಹಿಳೆಯರಲ್ಲಿ ಸಾಗರವೊಂದನ್ನು ಒಬ್ಬಂಟಿಯಾಗಿ ಹುಟ್ಟು ಹಾಕಿ ದಾಟಿದ ಮೊದಲಿಗರು ಎಂದು ಅನನ್ಯಾ ಅವರ ಹೆಸರು ಈಗ ದಾಖಲಾಗಿದೆ. ಅವರು ಈ ಯಾನದ ನೆಪದಲ್ಲಿ ಹಣ ಕೂಡಿಸಿದ್ದು ಎರಡು ಕಡೆಗೆ. ಒಂದು, ಬ್ರಿಟನ್ನಿನ ಮೆಂಟಲ್ ಹೆಲ್ತ್ ಫೌಂಡೇಶನ್. ಇನ್ನೊಂದು, ಅವರ ದೊಡ್ಡ ಕುಟುಂಬದವರೇ ಆದ ಜಿ.ಎಸ್. ಜಯದೇವ ಚಾಮರಾಜನಗರದಲ್ಲಿ 1992ರಲ್ಲಿ ಕಟ್ಟಿದ ದೀನಬಂಧು. ಆಸರೆಯಿಲ್ಲದ ಮಕ್ಕಳಿಗೆ ಮನೆಯಾಗಿ, ಮುಂದೆ ಶಾಲೆಯಾಗಿ ಬೆಳೆದ ಸಂಸ್ಥೆ. ಆಂಟಿಗುವಾ ಮುಟ್ಟಿದ ದೋಣಿಗಳು ಸಾಮಾನ್ಯವಾಗಿ ಹಡಗೇರಿ ಯುರೋಪಿಗೆ ಮರಳುತ್ತವೆ, ಮುಂದಿನ ಡಿಸೆಂಬರಿಗೆ ತಯಾರಾಗುತ್ತಿರುವ ಇನ್ನೊಬ್ಬರಿಗೆ ಮಾರಾಟವಾಗುತ್ತವೆ. ಆ ಕೊಂಡವರ ಪೈಕಿ ಬಹಳ ಮಂದಿ ಅದುವರೆಗೆ ಹುಟ್ಟನ್ನೇ ಹಿಡಿದಿರುವುದಿಲ್ಲ.