ಕ್ವಾಂಟಮ್ ಗಣಕಯಂತ್ರ: ಅಬ್ಬರವೆಷ್ಟು, ಉಪಯೋಗವೆಷ್ಟು?

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ವಿಜ್ಞಾನ ವಿಷಯವಾಗಿ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ, ಈಚೆಗೆ ಪಾಲಕರು ಮೇಲಿಂದ ಮೇಲೆ ಕೇಳುತ್ತಿರುವ ಪ್ರಶ್ನೆಯೊಂದನ್ನೇ ಎತ್ತಿಕೊಳ್ಳುವುದು ಯೋಗ್ಯವೆನಿಸಿತು. “ಗುರುಗಳೇ, ಇನ್ನು ಮುಂದೆ ಎಲ್ಲವೂ ಕ್ವಾಂಟಮ್ ಕಂಪ್ಯೂಟರಿನದೇ ಅಂತಾರ. ಮಗನನ್ನ ಆ ಕೋರ್ಸಿಗೆ ಹಚ್ಚಿದರ ಹೆಂಗ?” ಹೊಲವನ್ನು ಒತ್ತೆಯಿಟ್ಟು ಶುಲ್ಕ ಕಟ್ಟಲು ಸಿದ್ಧರಾದವರೂ ಇದ್ದಾರೆ. ಆದುದರಿಂದ ವಿಷಯವನ್ನು ಶಾಲೆಯ ಗಣಿತದ ಮೂಲಕವೇ ತಿಳಿಯಾಗಿ ವಿವರಿಸಲು ಯತ್ನಿಸುತ್ತೇನೆ.

ನಾವು ನಿತ್ಯ ಬಳಸುವ ಗಣಕಯಂತ್ರದ ಮೂಲಘಟಕ ‘ಬಿಟ್’. ಅದು ಸೊನ್ನೆ ಅಥವಾ ಒಂದು. ಕ್ವಾಂಟಮ್ ಯಂತ್ರದ ಮೂಲಘಟಕವಾದ ‘ಕ್ಯೂಬಿಟ್’ ಇವೆರಡೂ ಬೆರೆತ ಸ್ಥಿತಿಯಲ್ಲಿರಬಲ್ಲುದು. ಇದರಿಂದ ಆ ಯಂತ್ರವು ಎಲ್ಲ ಉತ್ತರಗಳನ್ನೂ ಏಕಕಾಲಕ್ಕೆ ಕೊಡುತ್ತದೆಂಬ ತಪ್ಪು ಕಲ್ಪನೆ ಹುಟ್ಟಿಕೊಂಡಿದೆ. ಅಳತೆ ಮಾಡಿದಾಗ ದೊರೆಯುವುದು ಒಂದೇ ಉತ್ತರ. ಕೆರೆಗೆ ಎರಡು ಕಲ್ಲು ಎಸೆದಾಗ ಒಂದರ ಅಲೆಯ ಏರು ಇನ್ನೊಂದರ ಇಳಿವನ್ನು ಕೂಡಿದಲ್ಲಿ ನೀರು ಸ್ತಬ್ಧವಾಗುವುದಷ್ಟೆ? ಹಾಗೆಯೇ ತಪ್ಪು ಉತ್ತರಗಳು ಪರಸ್ಪರ ಅಳಿಸಿಹೋಗಿ ಸರಿಯಾದುದು ಉಳಿಯುವಂತೆ ಲೆಕ್ಕವನ್ನು ಹೂಡಬೇಕು. ಇಂತಹ ಹೂಟ ಸಾಧ್ಯವಾಗುವುದು ಕೆಲವೇ ಲೆಕ್ಕಗಳಲ್ಲಿ.

ಅವುಗಳಲ್ಲಿ ಒಂದು ಅಪವರ್ತನ. 91 ಎಂದರೆ 7 ಗುಣಿಸು 13 ಎಂಬುದನ್ನು ಏಳನೆಯ ಇಯತ್ತೆಯ ಮಗು ಕಂಡುಹಿಡಿಯುತ್ತದೆ. ಆದರೆ ಸಂಖ್ಯೆಯು ಆರುನೂರು ಅಂಕಿಗಳಷ್ಟು ಉದ್ದವಾದರೆ ಇಂದಿನ ಮಹಾಗಣಕಗಳೂ ಸೋಲುತ್ತವೆ. ಅಂತರಜಾಲದ ಗುಪ್ತ ಬೀಗಗಳಲ್ಲಿ ಅನೇಕವು ಈ ಕಷ್ಟದ ಮೇಲೆಯೇ ನಿಂತಿವೆ. ಕ್ವಾಂಟಮ್ ಯಂತ್ರವು ಇದನ್ನು ಬೇಗನೆ ಬಿಡಿಸಬಲ್ಲುದೆಂದು 1994ರಲ್ಲಿ ಪೀಟರ್ ಶೋರ್ ತೋರಿಸಿದರು. 2001ರಲ್ಲಿ ಏಳು ಕ್ಯೂಬಿಟ್‌ಗಳ ಯಂತ್ರವೊಂದು ಈ ವಿಧಾನದಿಂದ ಬಿಡಿಸಿದ ಸಂಖ್ಯೆ ಯಾವುದು? 15. ದೊಡ್ಡ ಬೀಗ ಮುರಿಯಲು ಎರಡು ಕೋಟಿ ಕ್ಯೂಬಿಟ್‌ಗಳು ಬೇಕೆಂದು 2019ರಲ್ಲಿಯೂ, ಹತ್ತು ಲಕ್ಷಕ್ಕಿಂತ ಕಡಿಮೆ ಸಾಕೆಂದು 2025ರಲ್ಲಿಯೂ ಅಂದಾಜು ಮಾಡಲಾಯಿತು. ಗೂಗಲ್ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ‘ವಿಲೋ’ದಲ್ಲಿ ಇದ್ದುದು 105. ದಾರಿ ಕಿರಿದಾಗುತ್ತಿದೆ, ಆದರೆ ಊರು ಇನ್ನೂ ದೂರವಿದೆ.

ಅಬ್ಬರದ ಮಾದರಿಯನ್ನೂ ನೋಡೋಣ. 2019ರಲ್ಲಿ ಗೂಗಲ್ ಸಂಸ್ಥೆಯು, ಮಹಾಗಣಕಕ್ಕೆ 10,000 ವರ್ಷ ಹಿಡಿಯುವ ಲೆಕ್ಕವನ್ನು ತನ್ನ 53 ಕ್ಯೂಬಿಟ್‌ಗಳ ಯಂತ್ರ 200 ಸೆಕೆಂಡುಗಳಲ್ಲಿ ಮಾಡಿತೆಂದು ಸಾರಿತು. ಎರಡೂವರೆ ದಿನ ಸಾಕೆಂದು ಐಬಿಎಂ ಉತ್ತರಿಸಿತು. ಮುಂದೆ ಚೀನದ ವಿಜ್ಞಾನಿಗಳು ಸಾಮಾನ್ಯ ಗಣಕಗಳಿಂದಲೇ ಅದನ್ನು ಕೆಲವು ಗಂಟೆಗಳಿಗೆ ಇಳಿಸಿದರು. ಅಲ್ಲದೆ ಆ ಲೆಕ್ಕದಿಂದ ವ್ಯವಹಾರದಲ್ಲಿ ಯಾರಿಗೂ ಪ್ರಯೋಜನವಿರಲಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರೆಂಬ ಗಾದೆ ಇಲ್ಲಿ ಒಪ್ಪುತ್ತದೆ. ಹಾಗೆಂದು ಕೂಸು ಸುಳ್ಳಲ್ಲ. ಅಲ್ಪ ಶಾಖಕ್ಕೂ ಕ್ಯೂಬಿಟ್ ತಪ್ಪುತ್ತದೆಂಬುದೇ ದೊಡ್ಡ ತೊಡಕು. ಕ್ಯೂಬಿಟ್‌ಗಳನ್ನು ಹೆಚ್ಚಿಸಿದಂತೆ ತಪ್ಪು ಕಡಿಮೆಯಾಗುವಂತೆ ಮಾಡಬಹುದೆಂದು ವಿಲೋ ತೋರಿಸಿದ್ದು ನಿಜವಾದ ಮುನ್ನಡೆ.

ಸೊಲ್ಲಾಪುರದ ಅಡತಿಯಲ್ಲಿ ಜೋಳದ ಚೀಲವನ್ನು ಪತ್ತಾರನ ತಕ್ಕಡಿಯಲ್ಲಿ ಯಾರೂ ತೂಗುವುದಿಲ್ಲ. ಕ್ವಾಂಟಮ್ ಯಂತ್ರವೂ ಪತ್ತಾರನ ತಕ್ಕಡಿಯಂತಹುದು. ಪತ್ರ ಬರೆಯಲು, ಜಮಾಖರ್ಚು ಇಡಲು, ರೈಲ್ವೆ ಟಿಕೆಟ್ ತೆಗೆಯಲು ಅದು ಬೇಕಿಲ್ಲ. ನಿಸರ್ಗವನ್ನು ಅನುಕರಿಸಲು ಕ್ವಾಂಟಮ್ ನಿಯಮದ ಯಂತ್ರವೇ ಬೇಕೆಂದು 1981ರಲ್ಲಿ ರಿಚರ್ಡ್ ಫೈನ್‌ಮನ್ ಹೇಳಿದ್ದರು. ಔಷಧ, ಗೊಬ್ಬರ ಮುಂತಾದವುಗಳ ಅಣುಗಳ ವರ್ತನೆಯನ್ನು ಲೆಕ್ಕ ಹಾಕುವಲ್ಲಿಯೇ ಅದರ ನಿಜವಾದ ಭರವಸೆ ಇದೆ. ಗುಪ್ತ ಬೀಗಗಳ ಬಗೆಗೂ ಗಾಬರಿ ಬೇಡ. ಈ ಯಂತ್ರಕ್ಕೆ ಬಗ್ಗದ ಹೊಸ ಬೀಗಗಳ ಮಾನಕಗಳನ್ನು ಅಮೇರಿಕೆಯು 2024ರಲ್ಲಿ ಪ್ರಕಟಿಸಿದೆ. ನಮ್ಮ ಭಾರತ ಸರಕಾರವು 2023ರಲ್ಲಿ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 6,003 ಕೋಟಿ ರೂಪಾಯಿಗಳಿಗೂ ಮಿಕ್ಕಿ ಮಂಜೂರು ಮಾಡಿದ್ದು, ಗಣಕದ ವಿಭಾಗದ ಕೇಂದ್ರವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ.

ಪಾಲಕರಿಗೆ ನನ್ನ ಉತ್ತರ ಇಷ್ಟು: ಮೂರು ತಿಂಗಳ ಪ್ರಮಾಣಪತ್ರಕ್ಕಾಗಿ ಹೊಲ ಒತ್ತೆಯಿಡಬೇಡಿರಿ. ಈ ಶಾಸ್ತ್ರಕ್ಕೆ ಬೇಕಾದ ಬೀಜಗಣಿತ, ಮಾತೃಕೆ, ಸಂಭವನೀಯತೆ, ಭೌತವಿಜ್ಞಾನಗಳನ್ನು ಮಗು ಗಟ್ಟಿಯಾಗಿ ಕಲಿಯಲಿ. ಕ್ವಾಂಟಮ್ ಯಂತ್ರ ತಡವಾಗಿ ಬಂದರೂ ಆ ವಿದ್ಯೆ ವ್ಯರ್ಥವಾಗದು. ಪುಣೆ, ಬೆಂಗಳೂರುಗಳಲ್ಲಿ ಎಂಜಿನಿಯರರಾಗಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ರಜೆಗೆ ಬಂದಾಗ ಒಂದೆರಡು ದಿನ ಶಾಲೆಗೆ ಬಂದು, ಒಂಬತ್ತು ಹತ್ತನೆಯ ಇಯತ್ತೆಯ ಮಕ್ಕಳಿಗೆ ಕನ್ನಡದಲ್ಲಿಯೇ ಈ ಪಾಠಗಳನ್ನು ಹೇಳಿಕೊಡಬೇಕೆಂದು ವಿನಂತಿಸುತ್ತೇನೆ.