ಬೆರಳು ಹೋದ ದಾರಿಯಲ್ಲೇ ಲೇಸರ್

‘ಪ್ರಾಸ್ಟೇಟ್ ದೊಡ್ಡದಾಗಿದೆ’ ಎಂದು ಡಾಕ್ಟರು ಹೇಳಿದಾಗ ಇಡೀ ಗ್ರಂಥಿಯೇ ಊದಿಕೊಂಡಿದೆ ಎಂದು ಬಹಳ ಮಂದಿ ತಿಳಿಯುತ್ತಾರೆ. ಹಾಗಲ್ಲ. ಮೂತ್ರಕೋಶದ ಬುಡದಲ್ಲಿ, ಮೂತ್ರನಾಳವನ್ನು ಸುತ್ತುವರಿದು ಕೂತಿರುವ ಈ ಗ್ರಂಥಿ ಹರೆಯದಲ್ಲಿ 20 ಗ್ರಾಂ ಆಸುಪಾಸು ತೂಗುತ್ತದೆ. ಅದರಲ್ಲಿ ನಾಳದ ಮಗ್ಗುಲಿಗಿರುವ, ನೂರಕ್ಕೆ 5ರಷ್ಟು ಭಾಗವಿದೆಯಲ್ಲ, ನಡುವಯಸ್ಸು ದಾಟಿದ ಮೇಲೆ ಬೆಳೆಯುವುದು ಅದೊಂದೇ. ಬೆಳೆಯುತ್ತ ಬೆಳೆಯುತ್ತ ಅದು ಒಳಗಡೆ ಮೂತ್ರನಾಳವನ್ನು ಹಿಸುಕುತ್ತದೆ, ಹೊರಗಡೆ ಗ್ರಂಥಿಯ ಉಳಿದ ಭಾಗವನ್ನೆಲ್ಲ ಒತ್ತಿ ತೆಳುವಾದ ಸಿಪ್ಪೆಯನ್ನಾಗಿ ಮಾಡಿಬಿಡುತ್ತದೆ. ಸಿಪ್ಪೆಗೂ ಒಳಗಿನ ಗಡ್ಡೆಗೂ ನಡುವೆ ಒಂದು ಸಂದು ಏರ್ಪಡುತ್ತದೆ. ಕೊಡಗಿನ ಕಿತ್ತಳೆ ಸುಲಿದವರಿಗೆ ಇಂಥ ಸಂದಿನ ಪರಿಚಯ ಇದ್ದೇ ಇರುತ್ತದೆ. ಇಲ್ಲಿ ಮಾತ್ರ ಸಿಪ್ಪೆಯನ್ನು ಇದ್ದಲ್ಲೇ ಬಿಟ್ಟು ತೊಳೆಗಳನ್ನು ಒಳಗಿನಿಂದಲೇ ಬಿಡಿಸಬೇಕು.

ಈ ಸಂದನ್ನು ಬಳಸಿಕೊಂಡು ಹೆಸರು ಮಾಡಿದವನು ಪೀಟರ್ ಫ್ರೇಯರ್ ಎಂಬ ಐರಿಷ್ ಸರ್ಜನ್. ಇಂಡಿಯನ್ ಮೆಡಿಕಲ್ ಸರ್ವಿಸ್‌ನಲ್ಲಿ ಸುಮಾರು ಎರಡು ದಶಕ ದುಡಿದು, ಉತ್ತರ ಭಾರತದ ರೋಗಿಗಳ ಮೂತ್ರಕೋಶದ ಕಲ್ಲುಗಳನ್ನು ಪುಡಿ ಮಾಡಿ ತೆಗೆಯುವುದರಲ್ಲಿ ಕೈ ಪಳಗಿಸಿಕೊಂಡು ಲಂಡನ್ನಿಗೆ ಮರಳಿದವನು. 1900ರ ಕೊನೆಯಲ್ಲಿ ಆತ ಕಿಬ್ಬೊಟ್ಟೆ ಕೊಯ್ದು, ಮೂತ್ರಕೋಶ ತೆರೆದು, ಒಂದು ಬೆರಳನ್ನು ಆ ಸಂದಿನಲ್ಲಿ ಇಳಿಸಿ, ಇನ್ನೊಂದು ಕೈಯ ಬೆರಳಿನಿಂದ ಗುದದ್ವಾರದ ಕಡೆಯಿಂದ ಗ್ರಂಥಿಯನ್ನು ಮೇಲಕ್ಕೆತ್ತಿ, ಗಡ್ಡೆಯನ್ನು ಇಡಿಯಾಗಿ ಬಿಡಿಸಿ ತೆಗೆದ. ಈ ದಾರಿ ತನಗೆ ಮೊದಲೇ ಗೊತ್ತಿತ್ತೆಂದು ನ್ಯೂಯಾರ್ಕಿನ ಯೂಜೀನ್ ಫುಲ್ಲರ್ ತಕರಾರು ತೆಗೆದದ್ದೂ ಉಂಟು. ಆ ಜಗಳ ನಮಗೆ ಬೇಡ. ಗಮನಿಸಬೇಕಾದದ್ದು, ಫ್ರೇಯರನ ಕಣ್ಣಿಗೆ ಒಳಗಿನದು ಏನೂ ಕಾಣುತ್ತಿರಲಿಲ್ಲ. ಬೆರಳಿನ ತುದಿಗೆ ತಿಳಿದಷ್ಟೇ ದಾರಿ. ರಕ್ತಸ್ರಾವವೂ ಹಾಗೇ, ಎಲ್ಲಿಂದ ಎಂದು ಕಾಣದ ಸ್ರಾವ.

ಆಮೇಲೆ ಬಂದದ್ದು ಇವತ್ತಿಗೂ ಎಲ್ಲ ಊರುಗಳಲ್ಲಿ ನಡೆಯುವ ಟಿಯುಆರ್‌ಪಿ. ಹೊಟ್ಟೆ ಕೊಯ್ಯದೆ, ಮೂತ್ರನಾಳದ ಮೂಲಕವೇ ದುರ್ಬೀನು ಇಳಿಸಿ, ವಿದ್ಯುತ್ ಹರಿಯುವ ತಂತಿಯ ಕುಣಿಕೆಯಿಂದ ಗಡ್ಡೆಯನ್ನು ಚೂರುಚೂರಾಗಿ ಕೆರೆದು ತೆಗೆಯುವ ವಿಧಾನ. ಒಳ್ಳೆಯ ಆಪರೇಷನ್ನೇ. ಆದರೆ ಸಂದಿನ ಲಾಭ ಅದಕ್ಕಿಲ್ಲ. ಒಳಗಿನಿಂದ ಹೊರಕ್ಕೆ ಕೆರೆಯುತ್ತ ಹೋಗಿ ಎಲ್ಲಿ ನಿಲ್ಲಿಸಬೇಕೆಂದು ಸರ್ಜನ್ ಅಂದಾಜು ಮಾಡಬೇಕು. ಹಳೆಯ ಮಾದರಿಯಲ್ಲಿ ಉಪ್ಪುನೀರು ಬಳಸುವಂತಿರಲಿಲ್ಲ, ಕರೆಂಟು ಅದರಲ್ಲಿ ಹರಿದುಹೋಗುತ್ತದೆ. ಅದರ ಬದಲು ಬಿಡುತ್ತಿದ್ದ ಗ್ಲೈಸಿನ್ ದ್ರಾವಣ ತೆರೆದ ರಕ್ತನಾಳಗಳಿಂದ ಮೈಗೆ ಸೇರಿ ಸೋಡಿಯಂ ಕುಸಿಯುವ ಭಯವಿತ್ತು. ಹಾಗಾಗಿ ಗಡಿಯಾರ ನೋಡುತ್ತಲೇ ಕೆಲಸ ಮುಗಿಸಬೇಕಿತ್ತು. 80 ಗ್ರಾಂ ದಾಟಿದ ಗ್ರಂಥಿಯಾದರೆ ಮತ್ತೆ ಹೊಟ್ಟೆಯನ್ನೇ ಕೊಯ್ಯುತ್ತಿದ್ದರು.

ನ್ಯೂಜಿಲೆಂಡಿನ ಟೌರಂಗಾ ದೊಡ್ಡ ನಗರವೇನಲ್ಲ. 1990ರ ದಶಕದಲ್ಲಿ ಅಲ್ಲಿನ ಪೀಟರ್ ಗಿಲಿಂಗ್ ಮತ್ತು ಅವರ ಸಂಗಡಿಗರು ಹೊಲ್ಮಿಯಂ ಲೇಸರ್ ಹಿಡಿದು ಫ್ರೇಯರನ ಸಂದಿಗೆ ಮತ್ತೆ ಬಂದರು, ಈ ಸಲ ಮೂತ್ರನಾಳದ ಮೂಲಕ. ಆ ವಿಧಾನವೇ ಹೋಲೆಪ್. ನಮ್ಮ ಯೂರಾಲಜಿ ವಿಭಾಗಗಳಲ್ಲಿ ಕಿಡ್ನಿ ಕಲ್ಲು ಪುಡಿ ಮಾಡಲು ಬಳಸುವುದೂ ಇದೇ ಲೇಸರ್. ಇದರ ಬೆಳಕನ್ನು ನೀರು ಥಟ್ಟನೆ ಹೀರಿಕೊಳ್ಳುತ್ತದೆ. ಅದರಿಂದಾಗಿ ಅದರ ಪ್ರಭಾವ ಅಂಗಾಂಶದಲ್ಲಿ 0.4 ಮಿಲಿಮೀಟರಿಗಿಂತ ಆಳಕ್ಕೆ ಹೋಗುವುದಿಲ್ಲ. ಅರ್ಧ ಮಿಲಿಮೀಟರ್ ದಪ್ಪದ ಫೈಬರಿನ ತುದಿಯಲ್ಲಿ ಪ್ರತಿ ಮಿಡಿತಕ್ಕೂ ಒಂದು ಆವಿಯ ಗುಳ್ಳೆ ಎದ್ದು ಒಡೆಯುತ್ತದೆ. ಸಿಪ್ಪೆಗೂ ಗಡ್ಡೆಗೂ ನಡುವಿನ ಎಳೆಗಳನ್ನು ಬಿಡಿಸುವುದು ಆ ಗುಳ್ಳೆ. ಸುತ್ತ ಹರಿಯುವುದು ಬರೀ ಸಲೈನ್, ಸೋಡಿಯಂ ಕುಸಿಯುವ ಆ ಹಳೆಯ ಭಯ ಇಲ್ಲಿಲ್ಲ.

ಬೆನ್ನಿಗೆ ಅರಿವಳಿಕೆ ಕೊಟ್ಟು ದುರ್ಬೀನು ಇಳಿಸಿದ ಮೇಲೆ ಸರ್ಜನ್ ಮೊದಲು ಹುಡುಕುವುದು ನಾಳದ ನೆಲದಲ್ಲಿರುವ ವೆರುಮೊಂಟೇನಮ್ ಎಂಬ ಪುಟ್ಟ ಉಬ್ಬನ್ನು. ಅದರ ಕೆಳಗಡೆಯೇ ಮೂತ್ರ ಹಿಡಿದಿಡುವ ಸ್ನಾಯುವಿನ ಬಳೆ. ಅಲ್ಲಿಗೆ ಲೇಸರ್ ತಾಗಕೂಡದು. ಗಡಿಯಾರದ 5 ಮತ್ತು 7 ಗಂಟೆಯ ಜಾಗಗಳಲ್ಲಿ, ಮೂತ್ರಕೋಶದ ಬಾಯಿಂದ ಆ ಉಬ್ಬಿನವರೆಗೆ ಎರಡು ಕಾಲುವೆ ತೋಡುತ್ತಾರೆ. ಎಷ್ಟು ಆಳ? ಸಿಪ್ಪೆ ಕಾಣುವಷ್ಟು. ಮಾನಿಟರ್ ನೋಡುತ್ತಿದ್ದರೆ ಒಂದು ಗಳಿಗೆಯಲ್ಲಿ ಬಣ್ಣ ಬದಲಾಗುತ್ತದೆ: ಗಂಟುಗಂಟಾದ ಹಳದಿ ಗಡ್ಡೆ ಮುಗಿದು, ಬಿಳಿಚಾದ ನುಣ್ಣನೆಯ ಗೋಡೆ, ಅದರ ಮೇಲೆ ಅಡ್ಡಡ್ಡಲಾಗಿ ಹಾದುಹೋದ ಸಣ್ಣ ರಕ್ತನಾಳಗಳು. ಸಂದು ಸಿಕ್ಕಿತು.

ಅಲ್ಲಿಂದ ಮುಂದಿನದು ನನಗೆ ತುಂಬ ಹಿಡಿಸಿದ ಭಾಗ. ಹೆಸರು ಲೇಸರ್ ಆಪರೇಷನ್ ಆದರೂ ಗಡ್ಡೆಯನ್ನು ಎಬ್ಬಿಸುವುದು ಬಹುಪಾಲು ದುರ್ಬೀನಿನ ಮೊಂಡು ಮೂತಿ. ಸರ್ಜನ್ ಮಣಿಕಟ್ಟು ತಿರುಗಿಸಿ ಆ ಮೂತಿಯನ್ನು ಸಂದಿಗೆ ತೂರಿಸಿ ಗಡ್ಡೆಯನ್ನು ಮೀಟುತ್ತಾನೆ, ಎಳೆಗಳು ಬಿಗಿಯಾಗುತ್ತವೆ, ಬಿಗಿಯಾದ ಎಳೆಗೆ ಲೇಸರ್ ತಾಗಿದರೆ ಸಾಕು, ಕಳಚಿಕೊಳ್ಳುತ್ತದೆ. ಫ್ರೇಯರನ ಬೆರಳು ಮಾಡಿದ ಕೆಲಸವೇ ಇದು, ಕಣ್ಣಿಗೆ ಕಾಣುವಂತೆ ನಡೆಯುತ್ತದೆ ಅಷ್ಟೇ. ರಕ್ತನಾಳ ಚಿಮ್ಮಿದರೆ ಫೈಬರನ್ನು ಒಂದೆರಡು ಮಿಲಿಮೀಟರ್ ಹಿಂದಕ್ಕೆ ಎಳೆದು ಬೆಳಕು ಬಿಡುತ್ತಾರೆ. ಹತ್ತಿರವಿದ್ದರೆ ಕೊಯ್ಯುವ ಬೆಳಕು ದೂರವಾದರೆ ಮುಚ್ಚುತ್ತದೆ. ಆಳ ಹೆಚ್ಚಾದರೆ ಸಿಪ್ಪೆ ತೂತಾಗಿ ಹೊರಗಿನ ಕೊಬ್ಬು ಕಾಣುತ್ತದೆ; ಕಡಿಮೆಯಾದರೆ ಗಡ್ಡೆಯ ಒಂದು ಪದರ ಉಳಿದುಬಿಡುತ್ತದೆ.

ಬಿಡಿಸಿದ ಗಡ್ಡೆಯ ಹೋಳುಗಳನ್ನು ಮೂತ್ರಕೋಶದೊಳಕ್ಕೆ ತಳ್ಳಿದ ಮೇಲೆ ಹೊಸ ಸಮಸ್ಯೆ: 100 ಗ್ರಾಂ ಗಡ್ಡೆ ಒಂದು ಸೆಂಟಿಮೀಟರ್ ಕೂಡ ಅಗಲವಿಲ್ಲದ ಕೊಳವೆಯಲ್ಲಿ ಹೊರಗೆ ಬರುವುದು ಹೇಗೆ? ಮಾರ್ಸಲೇಟರ್ ಎಂಬ, ಹೀರಿಕೊಂಡು ಕೊಚ್ಚುವ ಬ್ಲೇಡು ಅದಕ್ಕೆ ಉತ್ತರ. ಇಲ್ಲಿ ಅವಸರ ಸಲ್ಲದು, ಬ್ಲೇಡಿಗೆ ಗಡ್ಡೆಯೂ ಒಂದೇ, ಮೂತ್ರಕೋಶದ ಗೋಡೆಯೂ ಒಂದೇ. ಮೊದಲು ರಕ್ತ ಪೂರ್ತಿ ನಿಲ್ಲಬೇಕು, ನೀರು ತಿಳಿಯಾಗಬೇಕು, ಕೋಶ ತುಂಬಿ ಉಬ್ಬಿರಬೇಕು. ಕೆಲವು ಗಂಟುಗಳು ಎಷ್ಟು ಗಟ್ಟಿಯೆಂದರೆ ಬ್ಲೇಡಿಗೆ ಸಿಗದೆ ಉರುಳುತ್ತಲೇ ಇರುತ್ತವೆ. ಸರ್ಜನ್‌ಗಳು ಅವಕ್ಕೆ ಬೀಚ್ ಬಾಲ್ ಎನ್ನುತ್ತಾರೆ, ಪ್ರೀತಿಯಿಂದಲ್ಲ.

ಮೂತ್ರದ ಪೈಪು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಹೊರಗೆ ಬರುತ್ತದೆ. ಆದರೆ ಮೊದಲೇ ಹೇಳಬೇಕಾದ ಎರಡು ಮಾತುಗಳಿವೆ. ಕೆಮ್ಮಿದಾಗ, ಎದ್ದಾಗ ಹನಿ ಮೂತ್ರ ಸೋರುವುದು ಕೆಲವರಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇದ್ದು ಕಡಿಮೆಯಾಗುತ್ತದೆ. ಇನ್ನೊಂದು, ಬಹುಪಾಲು ಜನರಲ್ಲಿ ಆಮೇಲೆ ವೀರ್ಯ ಹೊರಗೆ ಬರದೆ ಹಿಂದಕ್ಕೆ, ಮೂತ್ರಕೋಶಕ್ಕೆ ಹೋಗುತ್ತದೆ. ಅಪಾಯವೇನಿಲ್ಲ, ಆದರೆ ಹೇಳದೆ ಬಿಟ್ಟರೆ ರೋಗಿ ಗಾಬರಿಯಾಗುತ್ತಾನೆ.

ಇದು ಬೇಡ ಎನ್ನುವವರಿಗೆ ಬೇರೆ ದಾರಿಗಳಿವೆ. ರೆಜೂಮ್ ವಿಧಾನದಲ್ಲಿ ಸೂಜಿಯಿಂದ ಒಂದೊಂದು ಕಡೆ 9 ಸೆಕೆಂಡ್ ಹಬೆ ಬಿಡುತ್ತಾರೆ, ಆ ಭಾಗ ಸತ್ತು ವಾರಗಳಲ್ಲಿ ಕುಗ್ಗುತ್ತದೆ. ಯೂರೋಲಿಫ್ಟ್ ಏನನ್ನೂ ತೆಗೆಯುವುದಿಲ್ಲ, ಪುಟ್ಟ ಕೊಂಡಿ ಹಾಕಿ ಗಡ್ಡೆಯನ್ನು ಬದಿಗೆ ಎಳೆದು ಕಟ್ಟುತ್ತದೆ. ಎರಡರಲ್ಲೂ ವೀರ್ಯದ ತೊಂದರೆ ಕಡಿಮೆ. ತೊಡೆ ಅಥವಾ ಮಣಿಕಟ್ಟಿನ ರಕ್ತನಾಳದಿಂದ ಹೋಗಿ ಗ್ರಂಥಿಗೆ ರಕ್ತ ಒಯ್ಯುವ ನಾಳವನ್ನೇ ಸಣ್ಣ ಮಣಿಗಳಿಂದ ಮುಚ್ಚುವ ಎಂಬೊಲೈಸೇಷನ್ ರೇಡಿಯಾಲಜಿಸ್ಟರ ಕೆಲಸ, ಅದರ ಸೂಕ್ಷ್ಮವೇ ಬೇರೆ. ಇವೆಲ್ಲ ಮೈಗೆ ಹಗುರ. ಆದರೆ ಗಡ್ಡೆ ಅಲ್ಲೇ ಉಳಿಯುವುದರಿಂದ ಮುಂದೆ ಮತ್ತೊಮ್ಮೆ ಚಿಕಿತ್ಸೆ ಬೇಕಾಗುವ ಸಂಭವ ಹೆಚ್ಚು. ತುಂಬ ದೊಡ್ಡ ಗ್ರಂಥಿಗೆ, ಮೂತ್ರ ಪೂರ್ತಿ ಕಟ್ಟಿ ಪೈಪಿನಲ್ಲೇ ದಿನ ದೂಡುತ್ತಿರುವವರಿಗೆ ನನ್ನ ಒಲವು ಹೋಲೆಪ್ ಕಡೆಗೇ. ಒಂದೇ ತೊಡಕು, ಇದು ಬೇಗ ಕೈಗೆ ಹತ್ತುವ ವಿದ್ಯೆಯಲ್ಲ. ಕೈ ಕೂರಲು 20ರಿಂದ 50 ಆಪರೇಷನ್ ಬೇಕೆನ್ನುತ್ತಾರೆ. ಬರೀ ‘ಲೇಸರ್ ಇದೆ’ ಎಂಬ ಬೋರ್ಡು ನೋಡಿ ಒಪ್ಪಬೇಡಿ. ಗಡ್ಡೆಯನ್ನು ಬಿಡಿಸಿ ತೆಗೆಯುತ್ತೀರೋ, ಆವಿ ಮಾಡುತ್ತೀರೋ, ಇಂಥವು ಎಷ್ಟು ಮಾಡಿದ್ದೀರಿ ಎಂದು ಕೇಳಬೇಕು.

ಕೊಚ್ಚಿದ ಚೂರುಗಳನ್ನೆಲ್ಲ ಲ್ಯಾಬಿಗೆ ಕಳಿಸುತ್ತಾರೆ. ಸಿಪ್ಪೆ ಒಳಗೇ ಉಳಿದಿರುತ್ತದೆ, ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಆ ಹೊರಭಾಗದಲ್ಲೇ. ಹೀಗಾಗಿ ಆಪರೇಷನ್ ಆದ ಮೇಲೂ ಪಿಎಸ್‌ಎ ಎಂಬ ರಕ್ತಪರೀಕ್ಷೆ ನಿಲ್ಲಿಸುವಂತಿಲ್ಲ. ಗಡ್ಡೆ ಹೋದದ್ದರಿಂದ ಪಿಎಸ್‌ಎ ತೀರಾ ಕೆಳಗಿಳಿದಿರುತ್ತದೆ. ಮುಂದಿನ ಏರಿಕೆಯನ್ನು ಡಾಕ್ಟರು ಅಳೆಯುವುದು ಆ ಹೊಸ ಅಂಕಿಯಿಂದ, ಹಳೆಯದರಿಂದಲ್ಲ.