ಮಳೆಗಾಲದ ಹೊಲಗೆಲಸವೂ ಬೇಸಾಯಗಾರರ ಉಡುಪೂ

ಬೇಸಾಯದ ಸಲಕರಣೆಗಳೆಂದೊಡನೆ ನೇಗಿಲು, ಕುಂಟೆ, ಕೂರಿಗೆ, ಕುಡುಗೋಲುಗಳು ನೆನಪಿಗೆ ಬರುವುವೇ ಹೊರತು, ಬೇಸಾಯಗಾರನ ಮೈಮೇಲಿರುವ ಬಟ್ಟೆಯೂ ಒಂದು ಸಲಕರಣೆಯೆಂಬುದು ಬಹುಮಂದಿಯ ಯೋಚನೆಗೆ ಬರುವುದಿಲ್ಲ. ಉಳುವ ಎತ್ತು ಮಳೆಯಲ್ಲಿ ನೆನೆದು ನಡುಗಿದರೆ ಅದನ್ನು ಕೊಟ್ಟಿಗೆಗೆ ಕಟ್ಟಿಸಿ, ಮೈಯೊರೆಸಿ, ಒಣಹುಲ್ಲು ಹಾಕಿಸುವ ಯಜಮಾನರು, ಅದೇ ಮಳೆಯಲ್ಲಿ ಹೊತ್ತಾರೆಯಿಂದ ಸಂಜೆಯವರೆಗೆ ರಾಗಿಯ ಕಳೆ ತೆಗೆದ ಹೆಣ್ಣಾಳುಗಳು ಒದ್ದೆಯ ಸೀರೆಯಲ್ಲಿಯೇ ಮನೆಗೆ ಹಿಂದಿರುಗುವುದನ್ನು ನೋಡಿಯೂ ಗಮನಿಸದೆ ಇರುವುದುಂಟು. ಮೂರು ದಿನಗಳ ಅನಂತರ ಆ ಆಳುಗಳಲ್ಲಿ ಇಬ್ಬರು ಜ್ವರದಿಂದ ಮಲಗಿದರೆ ಕಳೆ ಹಾಗೆಯೇ ಉಳಿಯುವುದು, ಪೈರು ಸೊರಗುವುದು. ನಷ್ಟವು ಆಳಿಗೂ ಉಂಟು, ಒಡೆಯನಿಗೂ ಉಂಟು. ಆದಕಾರಣ ಈ ವಿಷಯವನ್ನು ಗ್ರಾಮದ ಮುಖಂಡರೂ ಜಮೀನುದಾರರೂ ವಿಚಾರಮಾಡುವುದು ಯುಕ್ತವಾಗಿದೆ.

ಹವೆಯ ಸ್ವಭಾವ

ಬೆಂಗಳೂರು ಸಮುದ್ರಮಟ್ಟಕ್ಕೆ ಸುಮಾರು 900 ಮೀಟರು ಎತ್ತರದಲ್ಲಿದೆ. ಪಶ್ಚಿಮದಲ್ಲಿ ಕೆಂಗೇರಿಯ ಕಡೆಗೆ ಹೋದಂತೆ ನೆಲವು ಇಳಿಜಾರಾಗಿ, ವೃಷಭಾವತಿಯ ಕಣಿವೆಯು ತೆರೆದುಕೊಳ್ಳುತ್ತದೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆಯು ಮಲೆನಾಡಿನಂತೆ ವಿಪರೀತವಲ್ಲ. ಸಾಧಾರಣವಾಗಿ 900 ರಿಂದ 1,000 ಮಿಲಿಮೀಟರುಗಳಷ್ಟಿರುತ್ತದೆ. ಆದರೆ ಅದು ಹಲವು ತಿಂಗಳುಗಳಲ್ಲಿ ಹರಡಿಕೊಂಡಿದೆ. ಭರಣಿ ಕೃತ್ತಿಕೆಗಳಲ್ಲಿ ಗುಡುಗು ಸಿಡಿಲುಗಳೊಡನೆ ಹಠಾತ್ತಾಗಿ ಬರುವ ಮಳೆ ಒಂದು ಬಗೆ. ಆರಿದ್ರದಿಂದ ಮಘೆಯವರೆಗೆ ಪಡುವಣ ಗಾಳಿಯೊಡನೆ ಬಿಟ್ಟು ಬಿಟ್ಟು ಜಿನುಗುವ ತುಂತುರು ಇನ್ನೊಂದು ಬಗೆ. ಉತ್ತರೆ, ಹಸ್ತ, ಚಿತ್ತೆಗಳಲ್ಲಿ ಸಂಜೆಯ ಹೊತ್ತಿಗೆ ಸುರಿಯುವ ಜೋರುಮಳೆ ಮೂರನೆಯದು.

ಏಪ್ರಿಲ್ ತಿಂಗಳಲ್ಲಿ ಹಗಲಿನ ಉಷ್ಣವು ಸರಾಸರಿ 34 ಡಿಗ್ರಿ ಸೆಂಟಿಗ್ರೇಡಿನ ಸಮೀಪಕ್ಕೆ ಏರಿದರೂ, ಮುಂಗಾರು ನೆಲೆಯೂರಿದ ಮೇಲೆ ಹಗಲು 27 ರಿಂದ 29, ರಾತ್ರಿ 19 ಅಥವಾ 20 ಡಿಗ್ರಿಗಳಲ್ಲಿ ನಿಲ್ಲುತ್ತದೆ. 1884 ನೆಯ ಇಸವಿ ಜನವರಿ 13 ರಂದು ಬೆಂಗಳೂರಿನಲ್ಲಿ 7.8 ಡಿಗ್ರಿಗೆ ಇಳಿದುದು ದಾಖಲೆಯಲ್ಲಿ ಉಂಟು. ಅಂಥ ಚಳಿ ಅಪರೂಪ. ಹವೆಯು ಹೀಗೆ ಸೌಮ್ಯವಾಗಿರುವುದರಿಂದಲೇ ಜನರು ಉಡುಪಿನ ವಿಚಾರದಲ್ಲಿ ಅಲಕ್ಷ್ಯ ಮಾಡುತ್ತಾರೆ. ಚಳಿಯ ದೇಶದವನು ಭಯದಿಂದ ಮೈಮುಚ್ಚಿಕೊಳ್ಳುತ್ತಾನೆ. ಮಲೆನಾಡಿನವನು ಗೊರಬಿಲ್ಲದೆ ಗದ್ದೆಗೆ ಇಳಿಯುವುದಿಲ್ಲ. ಈ ಸೀಮೆಯವನಾದರೋ ‘ಇಷ್ಟು ಮಳೆಗೇನು’ ಎಂದು ನೆನೆಯುತ್ತಾನೆ.

ನೆನೆದ ಬಟ್ಟೆ ಮಾಡುವ ಕೆಲಸ

ನೀರು ಆರಬೇಕಾದರೆ ಶಾಖ ಬೇಕು. ಮೈಮೇಲಿನ ಒಂದು ಲೀಟರು ನೀರು ಆರುವುದಕ್ಕೆ ಸುಮಾರು 580 ಕಿಲೋ ಕ್ಯಾಲೊರಿ ಶಾಖವು ವ್ಯಯವಾಗುತ್ತದೆ. ಒದ್ದೆಯಾದ ಸೀರೆಯಲ್ಲಿ ಅರ್ಧ ಲೀಟರು ನೀರು ನಿಂತಿದೆಯೆಂದು ಇಟ್ಟುಕೊಂಡರೆ, ಅದು ಆರಲು ಸುಮಾರು 290 ಕಿಲೋ ಕ್ಯಾಲೊರಿ ಬೇಕಾಗುವುದು. ಇದರಲ್ಲಿ ಒಂದು ಪಾಲು ಗಾಳಿಯಿಂದ ಬಂದರೂ ಉಳಿದುದನ್ನು ಮೈಯೇ ತೆರಬೇಕು. 100 ಗ್ರಾಂ ರಾಗಿಹಿಟ್ಟಿನಿಂದ ದೊರೆಯುವ ಶಕ್ತಿಯು 320 ಕಿಲೋ ಕ್ಯಾಲೊರಿಗಳಿಗಿಂತ ಬಹಳ ಹೆಚ್ಚಲ್ಲ. ಆದುದರಿಂದ ಕೆಲಸಕ್ಕೆಂದು ಉಂಡ ಮುದ್ದೆಯ ಸಾರದಲ್ಲಿ ಒಂದು ದೊಡ್ಡ ಭಾಗವು ಬಟ್ಟೆಯನ್ನು ಒಣಗಿಸುವುದಕ್ಕೇ ಹೋಯಿತೆಂದು ತಿಳಿಯಬಹುದು. ಗಾಳಿ ಬೀಸಿದಷ್ಟೂ ಈ ನಷ್ಟವು ಹೆಚ್ಚುತ್ತದೆ.

ಬಟ್ಟೆಗಳಲ್ಲಿ ಗುಣಭೇದವುಂಟು. ಹತ್ತಿಯ ಬಟ್ಟೆ ಬೇಸಗೆಗೆ ಹಿತವಾದುದು. ಆದರೆ ನೆನೆದರೆ ಮೈಗೆ ಅಂಟಿಕೊಂಡು ಬೇಗ ಆರುವುದಿಲ್ಲ. ಪಾಲಿಯೆಸ್ಟರ್ ನೂಲು ತನ್ನ ತೂಕದ ನೂರಕ್ಕೆ ಒಂದು ಪಾಲಿನಷ್ಟೂ ತೇವವನ್ನು ಹೀರದು. ಅದು ಬೇಗ ಒಣಗುವುದು ನಿಜ, ಆದರೆ ಒಲೆಯ ಬಳಿಯಲ್ಲಿ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುವ ಅಪಾಯವಿದೆ. ಉಣ್ಣೆಯ ಎಳೆಯಾದರೋ ಗುಂಗುರಾಗಿರುವುದರಿಂದ ತನ್ನ ಸಂದುಗಳಲ್ಲಿ ಗಾಳಿಯನ್ನು ಹಿಡಿದಿಟ್ಟುಕೊಂಡು ಶಾಖವನ್ನು ಕಾಯುತ್ತದೆ. ತನ್ನ ತೂಕದ ಮೂರರಲ್ಲೊಂದು ಪಾಲಿಗೆ ಸಮೀಪವಾಗಿ ತೇವವನ್ನು ಹೀರಿದರೂ ಮುಟ್ಟಿದರೆ ಒದ್ದೆಯೆನಿಸುವುದಿಲ್ಲ. ತೇವವನ್ನು ಹೀರುವಾಗ ಸ್ವಲ್ಪ ಶಾಖವನ್ನು ತಾನೇ ಹೊರಡಿಸುತ್ತದೆ. ಬೆಂಕಿಯೂ ಅದಕ್ಕೆ ಸುಲಭವಾಗಿ ಹತ್ತುವುದಿಲ್ಲ.

ಕರಿಯ ಕಂಬಳಿ

ಮೇಲ್ಕಂಡ ಗುಣಗಳನ್ನು ನಮ್ಮ ಹಿರಿಯರು ಶಾಸ್ತ್ರಗಳಿಂದ ಕಲಿಯದೆ ಅನುಭವದಿಂದಲೇ ಅರಿತಿದ್ದರು. ಕುರುಬರು ಗುಂಡಿಮಗ್ಗದಲ್ಲಿ ನೆಯ್ದು, ಹಾಸುನೂಲಿಗೆ ಹುಣಸೆಬೀಜದ ಗಂಜಿ ಹಾಕಿ ಬಿಗಿಮಾಡಿದ ಕರಿಯ ಕಂಬಳಿಯು ಹಗಲಿಗೆ ಮಳೆಯ ಕೊಪ್ಪೆ, ರಾತ್ರಿಗೆ ಹೊದಿಕೆ, ಕಣದಲ್ಲಿ ಹಾಸುಗೆ. ಎಳೆಯಲ್ಲಿ ಉಳಿದಿರುವ ಜಿಡ್ಡಿನಿಂದ ತುಂತುರುಮಳೆಯ ಹನಿಯು ಮೇಲೆಯೇ ಜಾರಿಹೋಗುತ್ತದೆ. ಕಂಬಳಿಯನ್ನು ಕೊಪ್ಪೆಯಾಗಿ ಮಡಿಸಿ ತಲೆಯ ಮೇಲೆ ಹಾಕಿಕೊಂಡರೆ ನೆತ್ತಿ, ಹೆಗಲು, ಬೆನ್ನು ಇವು ಮೂರೂ ರಕ್ಷಿತವಾಗಿ, ಎರಡು ಕೈಗಳೂ ಕೆಲಸಕ್ಕೆ ಬಿಡುವಾಗಿರುತ್ತವೆ. ಕೊಡೆಯಿಂದ ಈ ಅನುಕೂಲವು ಇಲ್ಲ.

ಕಂಬಳಿಯಲ್ಲಿ ದೋಷಗಳಿಲ್ಲವೆಂದಲ್ಲ. ಉತ್ತರೆಯ ಜೋರುಮಳೆಯಲ್ಲಿ ಪೂರ್ತಿಯಾಗಿ ತೊಯ್ದರೆ ಅದು ಬಹು ಭಾರವಾಗುತ್ತದೆ. ಒಣಗುವುದಕ್ಕೆ ಎರಡು ಮೂರು ದಿನ ಹಿಡಿಯುತ್ತದೆ. ಬೆವರು ಜಿಡ್ಡುಗಳೊಡನೆ ಕತ್ತಲೆಯ ಮೂಲೆಯಲ್ಲಿ ಬಿದ್ದಿದ್ದರೆ ನುಸಿ ಹಿಡಿಯುತ್ತದೆ. ಕಾಲಕಾಲಕ್ಕೆ ಕೊಡವಿ, ಬಿಸಿಲಿಗೆ ಹಾಕಿ, ಬೇವಿನ ಸೊಪ್ಪಿನೊಡನೆ ಮಡಿಸಿಟ್ಟರೆ ಅನೇಕ ವರ್ಷ ಬಾಳುತ್ತದೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳಬೇಕಾಗಿದೆ. ಚಿತ್ರದುರ್ಗ, ಬಳ್ಳಾರಿ ಮುಂತಾದ ಜಿಲ್ಲೆಗಳ ಕುರಿಗಳಿಂದ ಸಿಗುವ ಒರಟು ಕರಿಯುಣ್ಣೆಗೆ ಕೇಳುವವರು ಕಡಿಮೆಯಾಗಿ, ಕತ್ತರಿಸುವ ಕೂಲಿಯೂ ಹುಟ್ಟದೆ, ಅನೇಕ ಕುರಿಗಾರರು ಉಣ್ಣೆಯನ್ನು ಎಸೆಯುವಂತಾಗಿದೆ. ಮಾಂಸಕ್ಕಾಗಿ ಮಾತ್ರ ಸಾಕುವ ಕೂದಲಿನ ತಳಿಗಳು ಹೆಚ್ಚುತ್ತಿವೆ. ಬೆಂಗಳೂರಿನ ಪಶ್ಚಿಮಭಾಗದಲ್ಲಿಯೇ 1884 ರಲ್ಲಿ ಹುಟ್ಟಿ, ಬಿನ್ನಿ ಗಿರಣಿಯೆಂದು ಹೆಸರಾಗಿ, ಉಣ್ಣೆಯ ಬಟ್ಟೆಗಳನ್ನು ನೆಯ್ದ ಕಾರ್ಖಾನೆಯೂ ಮುಚ್ಚಿಹೋಗಿದೆ. ಒಂದು ಕಡೆ ಉಣ್ಣೆಯನ್ನು ತಿಪ್ಪೆಗೆ ಹಾಕುವುದು, ಇನ್ನೊಂದು ಕಡೆ ವರ್ಷವರ್ಷವೂ ಹರಿದುಹೋಗುವ ಪ್ಲಾಸ್ಟಿಕ್ ಹಾಳೆಗೆ ಹಣ ತೆರುವುದು ವಿವೇಕವಲ್ಲ. ಜಮೀನುದಾರರು ಕಂಬಳಿ ಕೊಳ್ಳಲಾರಂಭಿಸಿದರೆ ಆಳಿನ ಮೈಯೂ ನೇಯುವವನ ಮಗ್ಗವೂ ಒಟ್ಟಿಗೆ ಉಳಿಯುತ್ತವೆ.

ಗೋಣಿ, ಪ್ಲಾಸ್ಟಿಕ್ ಮತ್ತು ಮಳೆಯಂಗಿ

ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ತೂರಿಸಿ ಮಾಡಿದ ಕೊಪ್ಪೆಯು ಸಣ್ಣ ಮಳೆಗೆ ಸಾಕು. ಗೊಬ್ಬರದ ಚೀಲವನ್ನು ಚೆನ್ನಾಗಿ ತೊಳೆದು ಉಪಯೋಗಿಸುವುದರಲ್ಲಿ ತಪ್ಪಿಲ್ಲ. ಆದರೆ ಕೀಟನಾಶಕ ಇದ್ದ ಚೀಲವನ್ನಾಗಲಿ ಹಾಳೆಯನ್ನಾಗಲಿ ಎಷ್ಟು ತೊಳೆದರೂ ತಲೆಗೆ ಹಾಕಿಕೊಳ್ಳಕೂಡದು. ಒದ್ದೆಯ ಚರ್ಮದ ಮೂಲಕ ವಿಷವು ಮೈಯನ್ನು ಸೇರುತ್ತದೆ. ಹಾಗೆಯೇ ಔಷಧಿ ಸಿಂಪಡಿಸುವಾಗ ಉಟ್ಟ ಬಟ್ಟೆಯನ್ನು ಮನೆಯ ಇತರ ಬಟ್ಟೆಗಳಿಂದ ಬೇರೆಯಾಗಿ ಒಗೆಯತಕ್ಕದ್ದು.

ನೀರಿಳಿಯದ ಮಳೆಯಂಗಿಯು ದಾರಿ ನಡೆಯುವವರಿಗೂ ವಾಹನದಲ್ಲಿ ಹೋಗುವವರಿಗೂ ಯೋಗ್ಯ. ಗುದ್ದಲಿ ಹಿಡಿದವನಿಗೆ ಅದರೊಳಗೆ ಬೆವರು ನಿಂತು, ಹೊರಗಿನ ಮಳೆಗಿಂತ ಒಳಗಿನ ನೀರೇ ಹೆಚ್ಚಾಗುತ್ತದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಿಗೆ ನಸುಕಿನಲ್ಲಿ ಹಾಲು ತರಕಾರಿ ಒಯ್ಯುವವರು ತಿಳಿಬಣ್ಣದ ಮಳೆಯಂಗಿಯನ್ನು ತೊಡಬೇಕು. ಕತ್ತಲೆಯ ಮಳೆಯಲ್ಲಿ ಕರಿಯ ಕಂಬಳಿ ಹೊದ್ದವನು ಲಾರಿಯವನ ಕಣ್ಣಿಗೆ ಬೀಳುವುದಿಲ್ಲ. ಸೆರಗಾಗಲಿ ಕಂಬಳಿಯ ಅಂಚಾಗಲಿ ಚಕ್ರಕ್ಕೆ ಸಿಕ್ಕದಂತೆ ಎಚ್ಚರ ವಹಿಸಬೇಕು.

ಕಾಲುಗಳ ರಕ್ಷಣೆ

ಮೈಗಿಂತಲೂ ಕಾಲಿನ ವಿಷಯದಲ್ಲಿ ಹೆಚ್ಚು ಅಲಕ್ಷ್ಯವಿದೆ. ಇಲಿಗಳ ಮೂತ್ರದಿಂದ ಕೆಟ್ಟ ನೀರಿನಲ್ಲಿ ಬರಿಗಾಲಿನಿಂದ ನಿಂತರೆ ಗಾಯ ಬಿರುಕುಗಳ ಮೂಲಕ ಇಲಿಜ್ವರವು ಅಂಟುತ್ತದೆ; ಮಲದಿಂದ ಕೆಟ್ಟ ನೆಲದಲ್ಲಿ ಕೊಕ್ಕೆಹುಳುವು ಅಂಗಾಲನ್ನು ಕೊರೆದು ಒಳಸೇರಿ ರಕ್ತವನ್ನು ಹೀರುತ್ತದೆ; ಬೆರಳಸಂದುಗಳಲ್ಲಿ ಕೆಸರುಹುಣ್ಣಾಗುತ್ತದೆ. ವೃಷಭಾವತಿಯು ನಗರದ ಚರಂಡಿಯ ನೀರನ್ನೂ ಕಾರ್ಖಾನೆಗಳ ಹೊಲಸನ್ನೂ ಹೊತ್ತು ಕೆಂಗೇರಿಯ ಮಾರ್ಗವಾಗಿ ಬೈರಮಂಗಲದ ಕೆರೆಗೆ ಹರಿಯುವುದು ಸರ್ವವಿದಿತವಾಗಿದೆ. ಈ ನೀರಿನ ಬಳಿ ಬೇಸಾಯ ಮಾಡುವವರು ಮೊಣಕಾಲಿನವರೆಗೆ ಬರುವ ರಬ್ಬರಿನ ಬೂಟು, ಕೈಗೆ ರಬ್ಬರಿನ ಚೀಲ ಇಲ್ಲದೆ ಇಳಿಯಬಾರದು. ಕೆಲಸವಾದ ಮೇಲೆ ಕಾಲನ್ನು ಸಾಬೂನಿನಿಂದ ತೊಳೆದು ಒರೆಸಿ, ಬೂಟನ್ನು ಬೋರಲು ಹಾಕಿ ಒಣಗಿಸಬೇಕು.

ಸಿಡಿಲಿನ ವಿಷಯ

ಕಂಬಳಿಯಾಗಲಿ, ರಬ್ಬರಿನ ಬೂಟಾಗಲಿ ಸಿಡಿಲನ್ನು ತಡೆಯುವುದಿಲ್ಲ. ಮಿಂಚು ಕಂಡ ಅನಂತರ ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಕೆಲಸವನ್ನು ಬಿಟ್ಟು ಭದ್ರವಾದ ಕಟ್ಟಡವನ್ನು ಸೇರಬೇಕು. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಳೆಯುವವರೆಗೆ ಹೊಲಕ್ಕೆ ಹಿಂದಿರುಗಬಾರದು. ಒಂಟಿಮರದಡಿ ನಿಲ್ಲುವುದೂ, ಬಯಲಿನಲ್ಲಿ ಕೊಡೆ ಹಿಡಿಯುವುದೂ ಪ್ರಾಣಾಪಾಯಕರ. ಕೇಂದ್ರ ಸರ್ಕಾರದವರ ‘ದಾಮಿನಿ’ ಎಂಬ ಮೊಬೈಲ್ ಸೂಚನೆಯನ್ನು ಊರಿನ ನಾಲ್ವರಾದರೂ ಇಟ್ಟುಕೊಂಡಿರುವುದು ಒಳ್ಳೆಯದು.

ಜಮೀನುದಾರರು ಮಾಡಬಹುದಾದ ಕೆಲಸಗಳು

1. ಆರಿದ್ರ ಮಳೆಗೆ ಮೊದಲೇ, ಕಾಯಂ ಆಳುಗಳಿಗೆ ಒಂದೊಂದು ಕಂಬಳಿ, ಕೆಸರಿಗಿಳಿಯುವವರಿಗೆ ಒಂದೊಂದು ಜೊತೆ ಬೂಟು ಒದಗಿಸುವುದು.

2. ಕಳೆ ತೆಗೆಯುವ ಹೆಂಗಸರಿಗೆ ಸೀರೆಯ ಮೇಲೆ ತೊಡುವ ತುಂಬುತೋಳಿನ ಅಂಗಿಯನ್ನು ಕೊಡುವುದು. ಅನೇಕ ಕಡೆ ಅವರು ಗಂಡಸರ ಹಳೆಯ ಅಂಗಿಯನ್ನು ತೊಡುತ್ತಿರುವ ವಾಡಿಕೆಯು ಮೆಚ್ಚತಕ್ಕದ್ದಾಗಿದೆ.

3. ಹೊಲದ ಮಗ್ಗುಲಲ್ಲಿ ಮಳೆಗೆ ಒದಗುವ ಒಂದು ಚಪ್ಪರ ಹಾಕಿಸಿ, ಪ್ರತಿಯೊಬ್ಬರೂ ಒಂದು ಜೊತೆ ಒಣಬಟ್ಟೆಯನ್ನು ಅಲ್ಲಿ ಇಟ್ಟುಕೊಳ್ಳುವಂತೆ ಏರ್ಪಡಿಸುವುದು. ಸಂಜೆ ಒಣಬಟ್ಟೆಯಲ್ಲಿ ಮನೆಗೆ ಹೋಗುವುದೇ ಅರ್ಧ ಆರೋಗ್ಯ. ಸಿಡಿಲಿನ ಸಮಯದಲ್ಲಿ ಮಾತ್ರ ಈ ಚಪ್ಪರವನ್ನು ನಂಬಕೂಡದು.

4. ಮಳೆಯಲ್ಲಿ ನೆನೆದವರಿಗೆ ಜ್ವರ, ಮೈಕೈನೋವು, ಕಣ್ಣು ಕೆಂಪಾಗುವುದು ಕಂಡುಬಂದರೆ ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಕಳುಹಿಸಿ, ಕೆಸರಿನಲ್ಲಿ ಕೆಲಸ ಮಾಡಿದುದನ್ನು ವೈದ್ಯರಿಗೆ ತಿಳಿಸುವುದು.

ಇವುಗಳಿಗೆ ತಗಲುವ ಖರ್ಚು ಒಂದು ಜೊತೆ ಎತ್ತಿನ ಬೆಲೆಯ ಮುಂದೆ ಏನೂ ಅಲ್ಲ. ಮಳೆಯು ಬೆಳೆಗೆ ಬೇಕು. ಬೆಳೆಯುವವನ ಮೈಗೆ ಬೇಡ. ಈ ಎರಡನ್ನೂ ಸರಿದೂಗಿಸಿಕೊಂಡ ಊರಿನಲ್ಲಿ ಕಳೆಯೂ ಸಕಾಲಕ್ಕೆ ಹೋಗುವುದು, ಕಣವೂ ಸಕಾಲಕ್ಕೆ ತುಂಬುವುದು.